ಕಾಲು ದಾರಿ, ಮುಕ್ಕಾಲು ಗುಡ್ಡ

ನಾನು ಒಂದು ಕಾಲುದಾರಿ. ನನಗೆ ಕಾಲಿಲ್ಲ, ಹೆಸರಿನಲ್ಲಿ ಮಾತ್ರ ಇದೆ. ಕಾಲು ಎಂದರೆ ಕಾಲುಭಾಗ ಎಂದು ಲೆಕ್ಕ ಹಿಡಿದರೂ ತಪ್ಪಿಲ್ಲ. ನಾನು ಕಾಲು ದಾರಿ, ಉಳಿದ ಮುಕ್ಕಾಲು ಗುಡ್ಡ. ಮಳೆಗಾಲದಲ್ಲಿ ಹುಲ್ಲು ಬೆಳೆದಾಗ ಅಷ್ಟೂ ಇರುವುದಿಲ್ಲ.

ಗಂಗಾವತಿ ಕಡೆಯ ಚಿಕ್ಕಬೆಣಚಿ ಎಂಬ ಊರಿನ ಹಿತ್ತಲಲ್ಲಿ ನಾನು ಶುರುವಾಗುತ್ತೇನೆ. ಕಾರೆಕಂಟಿಗಳ ನಡುವೆ ನುಸುಳಿ, ಬಂಡೆಗಳ ಸೊಂಟ ಬಳಸಿ, ಒಂದು ಗವಿಯ ಮುಂದೆ ತುಸು ಅಗಲವಾಗುತ್ತೇನೆ. ಅದರ ಗೋಡೆಯ ಮೇಲೆ ಯಾವ ಕಾಲದವರೋ ಕೆಂಪು ಬಣ್ಣದಲ್ಲಿ ಎತ್ತು, ಜಿಂಕೆ, ಕೈ ಕೈ ಹಿಡಿದ ಮನುಷ್ಯರನ್ನು ಬರೆದಿದ್ದಾರೆ. ಆ ಗವಿ ಹೊಕ್ಕವರೆಲ್ಲ ಒಂದು ಗಳಿಗೆ ಕವಿಯಾಗಿ ಹೊರಗೆ ಬರುತ್ತಾರೆ. ಅಲ್ಲಿಂದ ಕಾಡು ಹೊಕ್ಕು, ನೆತ್ತಿಯ ಮೇಲಿನ ಮೋರೇರ ಮನೆಗಳನ್ನು ದಾಟಿ, ಆಚೆ ಬದಿಯ ಹಿರೇಬೆಣಚಿಗೆ ಇಳಿಯುತ್ತೇನೆ.

ಮೋರೇರ ಮನೆ ಎಂದರೆ ಮನೆಯಲ್ಲ, ಹಳೆಯ ಸಮಾಧಿ. ಕಲ್ಲಿನ ಚಪ್ಪಡಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಮೋರೇರು ಗೇಣುದ್ದದ ಜನ, ಆ ಕಿಂಡಿಯೇ ಅವರ ಬಾಗಿಲು ಎಂದು ಊರವರು ಹೇಳುತ್ತಾರೆ. ಅಷ್ಟು ಗಿಡ್ಡನೆಯವರು ಅಷ್ಟು ದೊಡ್ಡ ಚಪ್ಪಡಿ ಹೇಗೆ ಎತ್ತಿದರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿಲ್ಲ. ನೆರೆಹೊರೆಯವರು.

ಆ ಚಪ್ಪಡಿ ಹೊತ್ತವರೇ ನನ್ನನ್ನು ಮೊದಲು ತುಳಿದರೋ ಏನೋ, ಹುಟ್ಟಿದ ಗಳಿಗೆ ಯಾರಿಗೆ ನೆನಪಿರುತ್ತದೆ? ನನಗೆ ನೆನಪಿರುವುದು ಒಂದು ಕರಿ ಆಡು. ಎಲ್ಲಿ ಬಳಸಬೇಕು, ಎಲ್ಲಿ ಏರಬೇಕು ಎಂದು ಗುರುತು ಹಾಕಿದ ನನ್ನ ಇಂಜಿನಿಯರ್ ಅದು. ಆಡು ಹಾಕಿಕೊಟ್ಟ ದಾರಿಯಾದ್ದರಿಂದಲೇ ನನಗೆ ಆಡುಮಾತು ಇಷ್ಟು ಸಲೀಸು.

ಬೇರೆ ವಸ್ತುಗಳು ಕೈಯಿಂದ ಕೈಗೆ ಹೋಗುತ್ತವಂತೆ. ನಾನು ಕಾಲಿಂದ ಕಾಲಿಗೆ ಹೋದವನು. ಆಡಿನ ಹಿಂದೆ ಕುರುಬರು, ಅವರ ಹಿಂದೆ ಸೌದೆಯ ಹೆಂಗಸರು, ಬಳೆಯ ಮಲಾರ ಹೊತ್ತ ಬಳೆಗಾರರು. ಬಳೆಗಾರರು ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು. ಅವರು ಎಡವಿದರೆ ಗಾಯ ಕಾಲಿಗಲ್ಲ, ಮಾಲಿಗೆ.

ಒಂದು ವೈಶಾಖದಲ್ಲಿ ಹಿರೇಬೆಣಚಿಯಿಂದ ಒಂದು ಮದುವೆಯ ದಿಬ್ಬಣ ನನ್ನ ಮೇಲೆ ಬಂತು. ಮದುಮಗಳು ಹುಲಿಗೆಮ್ಮ. ಮದುಮಗ ಚಿಕ್ಕಬೆಣಚಿಯ ಗಾಳೆಪ್ಪ. ಮೋರೇರ ಮನೆಗಳ ಹತ್ತಿರ ಚಿಕ್ಕಬೆಣಚಿಯ ಹೆಂಗಸರು ಅಡ್ಡ ನಿಂತರು.

"ಗಂಡನ ಹೆಸರು ಹೇಳಿದ್ರ ಗುಡ್ಡಾ ಇಳೀಬೋದು ನೋಡವಾ. ಇಲ್ಲಾಂದ್ರ ಮೋರೇರ ಮನ್ಯಾಗ ಸಂಸಾರ ಹೂಡು."

ಹುಲಿಗೆಮ್ಮ ತಲೆ ಎತ್ತಲಿಲ್ಲ. "ಎಲಿ ಅಳ್ಳಾಡಸ್ತೈತಿ, ಕಣ್ಣಿಗಿ ಕಾಣೂದಿಲ್ಲ. ಅದರ ಹೆಸರಿನವ್ರು" ಎಂದಳು. ಹೆಂಗಸರು ನಕ್ಕು ದಾರಿ ಬಿಟ್ಟರು. ದಾರಿ ಬಿಟ್ಟರು ಎಂದರೆ ನನ್ನನ್ನೇ ಬಿಟ್ಟರು ಎಂದಲ್ಲ.

ಗಂಡನ ಹೆಸರು ಬಾಯಿಗೆ ತಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅವಳ ಅಜ್ಜಿ ಹೇಳಿದ್ದಳು. ಹುಲಿಗೆಮ್ಮ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಗಾಳಿ ಎಂಬ ಮಾತನ್ನೇ ಬಿಟ್ಟುಬಿಟ್ಟಳು. ಜೋಳ ತೂರುವಾಗ "ಅದು ಬೀಸವಲ್ದು" ಎನ್ನುತ್ತಿದ್ದಳು. ಸೈಕಲ್ಲಿನ ಟಯರು ಮೆತ್ತಗಾದರೆ "ಒಳಗಿಂದು ಹೊರಗ ಹೋಗೈತಿ" ಎನ್ನುತ್ತಿದ್ದಳು.

ಗಾಳೆಪ್ಪನೋ, ಎಲ್ಲರ ದನಿಯನ್ನೂ ಗಂಟಲಲ್ಲಿ ಸಾಕಿಕೊಂಡವನು. ಆಡು, ಕರಡಿ, ನವಿಲು, ಬಸ್ಸಿನ ಕಂಡಕ್ಟರ್, ಚಹಾದಂಗಡಿಯ ಮುದುಕ, ಎಲ್ಲವೂ ಬರುತ್ತಿದ್ದವು. ಗವಿಯೊಳಗೆ ನಿಂತು ಹೆಂಡತಿಯ ದನಿಯಲ್ಲಿ "ಗಾಳೆಪ್ಪಾ" ಎಂದು ಕೂಗುತ್ತಿದ್ದ. ಗವಿ ಅದನ್ನೇ ತಿರುಗಿ ಹೇಳುತ್ತಿತ್ತು.

"ಕೇಳಿದಿ? ಗವಿನೂ ಕರಿತೈತಿ ನನ್ನ. ನೀ ಒಂದ್ ಸಲ ಕರಿಯಂಗಿಲ್ಲ."

"ಗವಿ ಏನು ನಿಮಗ ರೊಟ್ಟಿ ಬಡದು ಹಾಕ್ತೈತೇನ್ರಿ? ಬಾಯಿ ಮುಚಗೊಂಡು ನಡೀರಿ ಸುಮ್ನ."

ಆಮೇಲೆ ಬೆನ್ನಿಗೆ ಚೀಲ ಹಾಕಿದ ಜನ ಬರತೊಡಗಿದರು. ಟ್ರೆಕ್ಕಿಂಗಿನವರು. ಊರಿನವರ ಬಾಯಲ್ಲಿ ಅವರು ಟ್ರಕ್ಕಿನವರಾದರು. ಟ್ರಕ್ಕೇ ಇಲ್ಲದ ಟ್ರಕ್ಕಿನವರಿಗೆ ಗಾಳೆಪ್ಪ ದಾರಿ ತೋರುವವನಾದ. ಯಾರೋ ನನ್ನ ಬಾಯಲ್ಲಿ ಒಂದು ಬೋರ್ಡು ನೆಟ್ಟರು. ಬರೆದವನು ಅಕ್ಷರ ನುಂಗಿ "ಮೋರಿ ಮನೆಗೆ ದಾರಿ" ಎಂದು ಬರೆದಿದ್ದ. ಗಾಳೆಪ್ಪ ಅದರ ಮುಂದೆ ನಿಂತು ಮೂಗು ಮುಚ್ಚಿಕೊಂಡೇ ಕತೆ ಶುರು ಮಾಡುತ್ತಿದ್ದ. ಕರಡಿಗೆ ಹೆದರಿ ಓಡಿ ಬಿದ್ದವನ ಕೂಗು ಅವನ ಕಡೆಯ ಐಟಮ್ಮು: "ಯಪ್ಪಾ, ಯಾರರ ಬರ್ರೀ, ಬಿದ್ದೀನ್ರೀ." ಜನ ಚಪ್ಪಾಳೆ ಹೊಡೆಯುತ್ತಿದ್ದರು.

ದಸರಾ ರಜೆಯ ಒಂದು ಮಧ್ಯಾಹ್ನ. ಗುಡ್ಡದ ತುಂಬ ಟ್ರಕ್ಕಿನವರು. ಗವಿಯ ಮುಂದೆ ಆಟ ಮುಗಿಸಿ, ಜನರನ್ನು ಕೆಳಗೆ ಕಳಿಸಿ, ಗಾಳೆಪ್ಪ ಒಬ್ಬನೇ ಹಿಂದೆ ಉಳಿದ. ಬಂಡೆಗಳ ಆಚೆ ಒಂದು ಸೀತಾಫಲದ ಗಿಡ, ಅದರಲ್ಲಿ ಕಣ್ಣು ಬಿಟ್ಟು ಮಾಗಿದ ಹಣ್ಣು. ಹುಲಿಗೆಮ್ಮನಿಗೆ ಸೀತಾಫಲವೆಂದರೆ ಜೀವ. ಅವನು ನನ್ನನ್ನು ಬಿಟ್ಟು ಬಂಡೆಯ ಮೇಲೆ ಕಾಲಿಟ್ಟ. ಕೈ ಚಾಚಿದ. ಹಣ್ಣು ಕೈಗೆ ಬಂತು, ಕಾಲು ಜಾರಿತು. ಎರಡು ಬಂಡೆಗಳ ಸಂದಿಗೆ, ಬಾವಿಯಂಥ ಕತ್ತಲೆಗೆ ಬಿದ್ದ.

"ಯಪ್ಪಾ, ಯಾರರ ಬರ್ರೀ, ಬಿದ್ದೀನ್ರೀ."

ಕೆಳಗಿನ ತಿರುವಿನಲ್ಲಿ ಇಳಿಯುತ್ತಿದ್ದ ಗುಂಪು ನಿಂತಿತು. "ಅಂಕಲ್ ಮತ್ತೆ ಶುರು ಮಾಡಿದ್ರು ಗುರು" ಎಂದ ಒಬ್ಬ. "ಈ ಸಲ ಇನ್ನೂ ಸಖತ್ತಾಗಿದೆ" ಎಂದಳು ಇನ್ನೊಬ್ಬಳು. ಎಲ್ಲರೂ ಚಪ್ಪಾಳೆ ಹೊಡೆದು ಇಳಿದು ಹೋದರು.

ನಾನು ಅಲ್ಲೇ ಮಲಗಿದ್ದೆ. ನನಗೆ ಕವಲುಂಟು, ಕೊರಳಿಲ್ಲ. ತಿರುವುಂಟು, ತಿರುಗಿ ಕರೆಯುವ ಶಕ್ತಿಯಿಲ್ಲ. ಸಂಜೆಯಾದರೆ ಆ ಸಂದಿಗಳಿಂದ ಕರಡಿಗಳು ಹೊರಡುತ್ತವೆ. ಗಾಳೆಪ್ಪ ಕೂಗಿ ಕೂಗಿ ದನಿ ಸೋತು ಸುಮ್ಮನಾದ. ಆ ಗಂಟಲು ಸುಮ್ಮನಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಿಸಿಲು ಇಳಿಯುವ ಹೊತ್ತಿಗೆ ಹುಲಿಗೆಮ್ಮ ಬಂದಳು. ಗಂಡ ಉಣ್ಣಲು ಬರಲಿಲ್ಲವೆಂದು ಹುಡುಕಿಕೊಂಡು ಏರಿದ್ದಳು.

"ರೀ... ಏನ್ರೀ..."

ಅಲ್ಲೊಂದು ಗುಂಪು ತಿರುಗಿತು. "ನಮ್ಮನ್ನ ಕರೆದ್ರಾಮ್ಮಾ?"

"ನಿಮ್ಮನ್ನಲ್ರಿ." ಮತ್ತೆ ಕೂಗಿದಳು. "ರೀ..."

ಬಂಡೆಯ ಮೇಲಿಂದ ಇನ್ನೊಬ್ಬ, "ಏನಮ್ಮಾ?" ಎಂದ. ಗುಡ್ಡದ ಮೇಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಓಗೊಟ್ಟರು. ಯಾರ "ರೀ" ಯಾರಿಗೆ ಎಂದು ಗುಡ್ಡಕ್ಕೇನು ಗೊತ್ತು? ಎಲ್ಲ ದನಿಯೂ ಕಲಸಿ ಇಳಿಯುತ್ತಿದ್ದ ಸಂದಿಯೊಳಗೆ ಬಿದ್ದವನಿಗೂ ಗೊತ್ತಾಗಲಿಲ್ಲ. ಬೆಳಗಿನಿಂದ ಅವನ ಕಿವಿಯ ಮೇಲೆ ಎಷ್ಟು "ರೀ"ಗಳು ಬಿದ್ದಿದ್ದವೋ.

ಗುಂಪಿನ ಹುಡುಗಿಯೊಬ್ಬಳು ಹತ್ತಿರ ಬಂದಳು. "ಯಾರನ್ನ ಹುಡುಕ್ತಿದ್ದೀರಾ? ಹೆಸರು ಹೇಳಿ, ನಾವೂ ಕೂಗ್ತೀವಿ."

"ನಮ್ಮ ಮನಿಯವ್ರನ್ರಿ."

"ಸರಿ, ಅವರ ಹೆಸರು?"

"ಅದಽಽ... ಬೀಸ್ತೈತಲ್ರೀ, ಅದು."

"ಬೀಸೋದಾ? ಬೀಸೋ ಕಲ್ಲು. ಕಲ್ಲಪ್ಪನಾ?"

"ಅಯ್ಯ, ಕಲ್ಲಲ್ರಿ. ಬರ್ತೈತಿ, ಹೋಗ್ತೈತಿ, ಕಣ್ಣಿಗಿ ಕಾಣೂದಿಲ್ಲ."

"ಕರೆಂಟಾ?" ಎಂದ ಒಬ್ಬ. ಯಾರೋ ನಕ್ಕರು. ಹುಲಿಗೆಮ್ಮನ ಕಣ್ಣು ತುಂಬಿದ್ದು ಕಂಡು ನಗು ನಿಂತಿತು.

ಅವಳು ಮೋರೇರ ಮನೆಗಳತ್ತ ನೋಡಿದಳು. ಮದುವೆಯ ದಿನ ನಿಂತಿದ್ದ ಜಾಗ ಅದು. ಹೆಸರು ಹೇಳಿದರೆ ಆಯುಷ್ಯ ಹೋಗುತ್ತದೆ. ಹೇಳದಿದ್ದರೆ ಹೊತ್ತು ಹೋಗುತ್ತದೆ. ಅವಳ ಅಂಗಾಲು ನನ್ನ ಮಣ್ಣನ್ನು ಒತ್ತಿ ಹಿಡಿಯಿತು. ಅಷ್ಟು ಭಾರವಾಗಿ ಅವಳು ಸೌದೆ ಹೊತ್ತಾಗಲೂ ನಿಂತಿರಲಿಲ್ಲ.

"ಗಾಳೆಪ್ಪಾ..."

ಗುಡ್ಡ ಅದನ್ನು ಎತ್ತಿಕೊಂಡಿತು. ಗವಿ ಹೇಳಿತು, ಮೋರೇರ ಮನೆಗಳ ಕಿಂಡಿ ಕಿಂಡಿಯೂ ಹೇಳಿತು. ಕಡೆಗೆ ಬಂಡೆಗಳ ಸಂದಿಯಿಂದ ಒಂದು ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬೆರೆತು.

"ಇನ್ನೊಂದ್ ಸಲ ಹೇಳು."

ಹುಲಿಗೆಮ್ಮ ಅತ್ತ ಓಡಿದಳು. ಸಂದಿಗೆ ಬಗ್ಗಿದಳು. "ಎಲ್ಲರ ಪೆಟ್ಟಾಗೇತೇನ್ರಿ?"

"ಕಾಲು ಮುರದೈತಿ. ಹಣ್ಣಿಗೆ ಏನೂ ಆಗಿಲ್ಲ. ಇನ್ನೊಂದ್ ಸಲ ಕರಿ."

"ಕಾಲು ಮುರದ್ರೂ ಬಾಯಿ ಮುರದಿಲ್ಲ ನಿಮ್ದು."

ಟ್ರಕ್ಕಿನವರು ಹಗ್ಗ ಇಳಿಬಿಟ್ಟರು. ಕತ್ತಲಾಗುವ ಮುಂಚೆ ಅವನನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ನನ್ನ ಮೇಲೆ ಇಳಿಸಿದರು. ನನ್ನ ಕಲ್ಲುಗಳು ಅಲುಗದ ಹಾಗೆ ಬಿಗಿಹಿಡಿದು ಮಲಗಿದ್ದೆ. ನನ್ನಿಂದಾದದ್ದು ಅಷ್ಟೇ.

ಈಗ ನನಗೆ ವಯಸ್ಸಾಗಿದೆ. ಆಚೆ ಬದಿಯಿಂದ ಮೆಟ್ಟಿಲು ಕಟ್ಟಿ, ಹಿಡಿಯಲು ಕಬ್ಬಿಣದ ಸರಳು ಹಾಕಿದ್ದಾರೆ. ಮೋರೇರ ಮನೆ ನೋಡುವವರು ಅಲ್ಲಿಂದಲೇ ಏರಿ ಅಲ್ಲಿಂದಲೇ ಇಳಿಯುತ್ತಾರೆ. ನನ್ನ ಮೇಲೆ ಬಾದೆಹುಲ್ಲು ಎದ್ದಿದೆ. ಬೋರ್ಡು ಬಿದ್ದು ಇರುವೆಗಳಿಗೆ ಸೂರಾಗಿದೆ. ಬೇಸರವಿಲ್ಲ. ದಾರಿಗೆ ಸಾವೆಂದರೆ ಮತ್ತೆ ಗುಡ್ಡವಾಗುವುದು, ತವರಿಗೆ ಹೋದ ಹಾಗೆ.

ಆದರೂ ನಾನು ಪೂರ್ತಿ ಮುಚ್ಚಿಹೋಗಿಲ್ಲ. ಸೀತಾಫಲದ ಕಾಲದಲ್ಲಿ ಇಬ್ಬರು ಬರುತ್ತಾರೆ. ಕೋಲೂರಿ ನಡೆಯುವ ಗಾಳೆಪ್ಪನಿಗೆ ಈಗ ಮೂರು ಕಾಲು. ಅವನು ಮುಕ್ಕಾಲು, ನಾನು ಕಾಲು. ಇಬ್ಬರೂ ಸೇರಿದರೆ ಒಂದು ಪೂರ್ತಿ ದಾರಿ.

ಆ ದಿನದ ನಂತರ ಹುಲಿಗೆಮ್ಮ ಅವನ ಹೆಸರು ಹೇಳಿಲ್ಲ, ಗಾಳಿ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಅವನು ಕೇಳುವುದನ್ನು ಬಿಟ್ಟಿಲ್ಲ. ಮೊನ್ನೆಯೂ ಮೋರೇರ ಮನೆಗಳ ಹತ್ತಿರ ಕುಳಿತು ಕೇಳಿದ.

"ಒಂದ ಸಲ ಹೇಳೀದಿ, ಏನರ ಆತೇನು ನನಗ? ಗಟ್ಟಿಮುಟ್ಟ ಅದೀನಿಲ್ಲ?"

ಅವಳು ಹಣ್ಣು ಒಡೆದು ದೊಡ್ಡ ಹೋಳನ್ನು ಅವನ ಕೈಗಿಟ್ಟಳು. ಬೀಜ ಉಗುಳಿ, ಸೆರಗು ಸರಿಮಾಡಿಕೊಂಡು, ಗುಡ್ಡದ ಕಡೆಗೆ ಮುಖ ಮಾಡಿ ಹೇಳಿದಳು.

"ಇವತ್ತು ಗಾಳಿ ಛಲೋ ಬೀಸಾಕತ್ತೈತಿ."

ಗಾಳೆಪ್ಪ ಹಣ್ಣು ತಿನ್ನುವುದನ್ನು ನಿಲ್ಲಿಸಿದ. ಆ ಮಾತನ್ನು ಅವಳ ದನಿಯಲ್ಲಿ ತಿರುಗಿ ಹೇಳಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡ.