ಅವಿರೋಧ ಆಯ್ಕೆ

ನಮ್ಮ ಕಡೆಯ ಸಂಘಗಳಿಗೆ ಚುನಾವಣೆಯೆಂದರೆ ಮನೆ ಬಾಗಿಲಿಗೆ ಬಂದ ಜಗಳ. ಹಾಲಿನ ಡೇರಿಯಾಗಲಿ, ಶಾಲೆಯ ಸಮಿತಿಯಾಗಲಿ, ಹಿರಿಯರು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಬೆನ್ನು ಸವರಿ, ಹೆಸರು ವಾಪಸ್ ತೆಗೆಸುತ್ತಾರೆ. ಕೊನೆಗೆ ಉಳಿದವನ ಕೊರಳಿಗೆ ಹಾರ ಬಿದ್ದು, 'ಅವಿರೋಧ ಆಯ್ಕೆ' ಎಂದು ಪತ್ರಿಕೆಗೆ ಫೋಟೊ ಹೋದರೇನೇ ಅವರಿಗೆ ಊಟ ರುಚಿಸುವುದು. ಜಿಲ್ಲೆಯ ಅಂತರ್ಜಾಲ ಬಳಕೆದಾರರ ಬಳಗವೂ ಇದೇ ನೀರು ಕುಡಿದು ಬೆಳೆದದ್ದು. ಧರ್ಮೇಂದ್ರನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಆಸೆಪಟ್ಟಿದ್ದ.

ಅವನು ಹಳ್ಳಿಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅಂತರ್ಜಾಲದ ವಿಳಾಸಗಳಿಗೆ ನಿಯಮ ಮಾಡುವ ಜಾಗತಿಕ ಮಂಡಳಿಯೊಂದು ಜನಸಾಮಾನ್ಯರ ಪರವಾಗಿ ಮಾತಾಡಲು ಬಳಗದಿಂದ ಒಬ್ಬ ಪ್ರತಿನಿಧಿಯನ್ನು ಕೇಳಿತ್ತು. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ, ಶುದ್ಧ ಸ್ವಯಂಸೇವೆ. ಆದರೂ ಆ ಕುರ್ಚಿ ಧರ್ಮೇಂದ್ರನಿಗೆ ಬೇಕಿತ್ತು, ಅವ್ವನ ಹೆಸರಿಗಾಗಿ ಬೇಕಿತ್ತು.

ಅವ್ವ ಬೆಟ್ಟಮ್ಮ ನಡುವಯಸ್ಸಿನಲ್ಲಿ ಅಕ್ಷರ ಕಲಿತವಳು. ಕಲಿತದ್ದು ಕನ್ನಡ ಮಾತ್ರ. ಮಗ ಅವಳಿಗೆ ಕನ್ನಡದಲ್ಲೇ ಬರೆಯುವ ಇಮೇಲ್ ವಿಳಾಸ ಮಾಡಿಸಿಕೊಟ್ಟಿದ್ದ. ಹೊಲಿಗೆ ತರಬೇತಿಗೆ ತಾನೇ ಅರ್ಜಿ ತುಂಬುತ್ತೇನೆಂದು ಫೋನು ಹಿಡಿದು ಕೂತ ಅವಳು ಇಮೇಲ್ ಕೇಳಿದ ಕಡೆ ಒಂದೊಂದೇ ಅಕ್ಷರ ಒತ್ತಿ 'ಬೆಟ್ಟಮ್ಮ' ಎಂದು ಶುರುವಾಗುವ ತನ್ನ ವಿಳಾಸ ಬರೆದಿದ್ದೇ ತಡ, ಕೆಳಗೆ ಕೆಂಪಗೆ 'ವಿಳಾಸ ತಪ್ಪು' ಎಂದು ಬಂತು. ಅಳಿಸಿ ಬರೆದಳು. ಮತ್ತೆ ಕೆಂಪು.

"ನನ್ನೆಸ್ರೇ ತಪ್ಪಂತೇನ್ಲಾ ಮಗಾ?"

"ನಿನ್ನೆಸ್ರು ತಪ್ಪಲ್ಲ ಕಣವ್ವ, ಅದನ್ನ ಒಪ್ಪದ ಅವ್ರುದ್ದು ತಪ್ಪು. ನಾನು ಸರಿ ಮಾಡಿಸ್ತೀನಿ."

ಹಾಗೆ ಮಾತು ಕೊಟ್ಟಿದ್ದ. ಯಾವ ಲಿಪಿಯ ವಿಳಾಸವನ್ನಾದರೂ ಎಲ್ಲ ಜಾಲತಾಣಗಳೂ ಒಪ್ಪಲೇಬೇಕೆಂಬ ಪ್ರಸ್ತಾಪ ಆ ಮಂಡಳಿಯ ಮುಂದಿತ್ತು. ಅದರ ಪರವಾಗಿ ಓದಿ, ಬರೆದು, ಧರ್ಮೇಂದ್ರ ಕಣ್ಣು ಕೆಂಪಗೆ ಮಾಡಿಕೊಂಡಿದ್ದ.

ಬಳಗದ ಸಭೆ ಚನ್ನರಾಯಪಟ್ಟಣದಲ್ಲಿ ನಡೆಯಿತು. ಹೆಸರು ಕೊಟ್ಟಿದ್ದವರು ಇಬ್ಬರೇ. ಧರ್ಮೇಂದ್ರ ಒಬ್ಬ, ಅರಕಲಗೂಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅನಿಲ್‌ಕುಮಾರ್ ಇನ್ನೊಬ್ಬ. ಸಭೆ ಶುರುವಾಗುವ ಮುನ್ನ ಅಧ್ಯಕ್ಷ ಪದ್ಮರಾಜಯ್ಯ ಧರ್ಮೇಂದ್ರನ ಹೆಗಲ ಮೇಲೆ ಕೈಹಾಕಿ ಜಗಲಿಗೆ ಕರೆದುಕೊಂಡು ಹೋದರು. ಕೆಟ್ಟ ಮನುಷ್ಯರಲ್ಲ. ಅವನ ಬರಹಗಳನ್ನು ಊರಿಗೆಲ್ಲ ತೋರಿಸಿ ಹೆಮ್ಮೆಪಟ್ಟವರು.

"ಓಟಿಗೆ ಹೋದ್ರೆ ಬಳಗ ಎರಡಾಗುತ್ತೆ ಕಣಯ್ಯ. ಅನಿಲ್‌ಗಾದ್ರೆ ಯಾರೂ ಎರಡು ಮಾತಾಡಲ್ಲ. ನಿನ್ನ ಹೆಸರಿಗೆ ಒಮ್ಮತ ಕಷ್ಟ."

"ಯಾಕೆ ಸಾ?"

ಪದ್ಮರಾಜಯ್ಯ ರಸ್ತೆ ನೋಡಿದರು. "ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ ಮಾರಾಯ. ಕೆಲಸ ಮುಖ್ಯ ತಾನೆ? ನೀನು ಬರ್ಕೊಡು, ಅವನು ಮಾತಾಡ್ತಾನೆ. ಮುಂದಿನ ಸಲ ನೀನೇ."

ಹೇಳದಿದ್ದರೇನು, ಧರ್ಮೇಂದ್ರನಿಗೆ ಅರ್ಥವಾಯಿತು. ಯಾವ ಕೇರಿಯ, ಯಾರ ಮನೆಯ ಮಗ ತಾನೆಂದು ಹುಟ್ಟಿದಾಗಿನಿಂದ ಅರ್ಥ ಮಾಡಿಸುತ್ತಲೇ ಬಂದಿದ್ದರಲ್ಲ! ಸಿಟ್ಟು ನೆತ್ತಿಗೇರಿತು. ಆದರೆ ಬಳಗ ಒಡೆದವನು ಎಂಬ ಹೆಸರು ಹೊತ್ತು ಬಾಳುವುದು ಹೇಗೆ? ಕೆಲಸ ಮುಖ್ಯ ಎಂಬ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಬಂದು ಹೆಸರು ವಾಪಸ್ ತೆಗೆದುಕೊಂಡ.

"ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದರು ಪದ್ಮರಾಜಯ್ಯ. ಯಾರೂ ಉಸಿರೆತ್ತಲಿಲ್ಲ. ಚಪ್ಪಾಳೆ ಬಿತ್ತು. ಅನಿಲ್‌ಕುಮಾರನಿಗೆ ಹಾರ ಬಿತ್ತು, ಧರ್ಮೇಂದ್ರನ 'ದೊಡ್ಡ ಮನಸ್ಸಿಗೆ' ಹೊಗಳಿಕೆ ಬಿತ್ತು. ಆ ಹೊಗಳಿಕೆಯನ್ನು ಕೇಳುತ್ತಾ ಅವನು ನಗಬೇಕಾಯಿತು, ನಕ್ಕ.

ಮಂಡಳಿಯ ಮೊದಲ ಸಭೆಯ ದಿನ ಧರ್ಮೇಂದ್ರ ರಜೆ ಹಾಕಿ ಅರಕಲಗೂಡಿಗೆ ಹೋದ. ಸಭೆ ಕಂಪ್ಯೂಟರಿನಲ್ಲೇ. ಕ್ಯಾಮೆರಾಕ್ಕೆ ಕಾಣದ ಹಾಗೆ ಮೇಜಿನ ಓರೆಗೆ ಅವನಿಗೊಂದು ಸ್ಟೂಲು. ಅನಿಲ್‌ಕುಮಾರ್ ಕೋಟು ಹಾಕಿಕೊಂಡು ಬೆವರುತ್ತಿದ್ದ.

"ಒಂದೇ ಮಾತು ನೆನಪಿಟ್ಕೊಳ್ಳಿ," ಎಂದ ಧರ್ಮೇಂದ್ರ. "ನಮ್ಮ ಪ್ರಸ್ತಾಪ ಕೈಬಿಡ್ತೀವಿ ಅಂದ್ರೆ ಆಕ್ಷೇಪಣೆ ಅನ್ನಿ. ಒಬ್ಬ ಅಂದ್ರೂ ಸಾಕು, ಚರ್ಚೆಗೆ ತಗೊಳ್ಳಲೇಬೇಕು. ಅದು ಅವರ ನಿಯಮ."

"ಆಯ್ತು ಮೇಷ್ಟ್ರೇ, ಆಯ್ತು."

ಅದೇ ಬಂತು. ಮಂಡಳಿಯ ಅಧ್ಯಕ್ಷೆ ನಗುನಗುತ್ತಾ, ಬೇರೆ ಕೆಲಸ ಬಹಳವಿರುವುದರಿಂದ ಲಿಪಿಗಳ ವಿಷಯವನ್ನು ಕೈಬಿಡೋಣವೇ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಒಬ್ಬೊಬ್ಬರೇ ಇಲ್ಲ, ಇಲ್ಲ ಎನ್ನುತ್ತಾ ಬಂದರು. ಧರ್ಮೇಂದ್ರ ಬರೆದ ಹಾಳೆಯನ್ನು ಮುಂದೆ ತಳ್ಳಿದ. ಅನಿಲ್‌ಕುಮಾರ್ ಮೈಕು ಮುಚ್ಚಿ ಪಿಸುಗುಟ್ಟಿದ, "ಅಷ್ಟೂ ಜನ ಒಪ್ಪವ್ರೆ. ಮೊದಲ್ನೇ ದಿನಾನೇ ನಾವೊಬ್ರು ಅಡ್ಡ ಹಾಕಿದ್ರೆ ಏನಂದ್ಕೋತಾರೆ ಮೇಷ್ಟ್ರೇ?"

ಬೇಕೆಂದು ಕೈಕೊಟ್ಟವನಲ್ಲ ಅವನು. ಒಮ್ಮತ ಕೆಡಿಸುವುದು ಒರಟುತನ ಎಂದೇ ಅವನಿಗೆ ಊರು ಕಲಿಸಿತ್ತು. ಮೈಕಿನಿಂದ ಕೈ ತೆಗೆದು, ವಿನಯದಿಂದ, ನಮ್ಮದೇನೂ ಆಕ್ಷೇಪಣೆ ಇಲ್ಲ ಎಂದುಬಿಟ್ಟ.

ಮೈಕು ಧರ್ಮೇಂದ್ರನ ಕೈಯಳತೆಯಲ್ಲೇ ಇತ್ತು. ಬಗ್ಗಿ ಒಂದು ಕೂಗು ಹಾಕಬಹುದಿತ್ತು. ಪ್ರತಿನಿಧಿಯಲ್ಲದವನ ಕೂಗು ಲೆಕ್ಕಕ್ಕೆ ಬರುತ್ತಿರಲಿಲ್ಲ, ನಿಜ. ಆದರೆ ಅವನು ಕೂಗದಿದ್ದದ್ದು ಅದಕ್ಕಲ್ಲ. ಬಾಯಿ ತೆರೆಯಲೇ ಇಲ್ಲ. ಚನ್ನರಾಯಪಟ್ಟಣದ ಸಭೆಯಲ್ಲಿ ಮುಚ್ಚಿದ ಬಾಯಿ ಅದು, ಇಲ್ಲಿ ತಾನಾಗಿ ತೆರೆಯುತ್ತದೆಯೇ? ಅಧ್ಯಕ್ಷೆ ಧನ್ಯವಾದ ಹೇಳಿ ಮುಂದಿನ ವಿಷಯಕ್ಕೆ ಹೋದಳು.

ಬಸ್ಸಿಳಿದು ಮನೆಗೆ ಬಂದಾಗ ಬೆಟ್ಟಮ್ಮ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಫೋನು ಪಕ್ಕದಲ್ಲೇ ಇತ್ತು.

"ಈಗ ಬರೀಲೇನ್ಲಾ ನನ್ನೆಸ್ರ?"

"ಬ್ಯಾಡ ಕಣವ್ವ. ಕೈಬುಟ್ರು."

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಯಾರ್ಲಾ ಅಡ್ಡ ಬಂದೋರು?"

ಧರ್ಮೇಂದ್ರ ಅವಳ ಮುಖ ನೋಡಲಾರದೆ ಗೋಡೆ ನೋಡಿದ. ಕಣ್ಣು ತುಂಬಿಬಂತು.

"ಯಾರೂ ಅಡ್ಡ ಬರ್ಲಿಲ್ಲ ಕಣವ್ವ," ಎಂದ. "ನಾನೂ ಬರ್ಲಿಲ್ಲ."