ಬಾಯಿಗೂಡಿದ ಹುಡುಗಿ

"ತಗಿಯಮ್ಮಿ ಬಾಯ. ಇನ್ನೂ ಅಗ್ಲ!"

ದೊಡ್ಡಬೀರಯ್ಯ ಎಡಗೈಯಲ್ಲಿ ತಂಗಿಯ ಮಗಳು ಚೈತ್ರಳ ಗಲ್ಲ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅವಳ ತುಟಿಯನ್ನು ಪಕ್ಕಕ್ಕೆಳೆದ. ಬೆರಳಿಗೆ ಬೀಡಿಯ ವಾಸನೆ. ಕೆನ್ನೆ ಊದಿಕೊಂಡು, ಅನ್ನ ಅಗಿಯಲಾಗದೆ ಗಂಜಿ ಕುಡಿಯುತ್ತಿದ್ದ ಹುಡುಗಿ ಅವಳು. "ನೋಯ್ತದ ಮಾವ" ಅನ್ನಲು ಹೋದರೆ ಮಾತು ಅವನ ಬೆರಳಿಗೇ ಸಿಕ್ಕಿಕೊಂಡಿತು.

ತೆರಕಣಾಂಬಿ ಸಂತೆಯ ದನದ ದಲ್ಲಾಳಿ ಅವನು. ಎತ್ತಿನ ಬಾಯಿ ತೆಗೆಸಿ ವಯಸ್ಸು ಹೇಳಿದನೆಂದರೆ ಕೊಳ್ಳುವವರೂ ಮಾರುವವರೂ ಎದುರಾಡುತ್ತಿರಲಿಲ್ಲ.

"ಕಡೇ ಹಲ್ಲು ಮೂಡದ ಕಣವ್ವ ಸೋಮಿ," ಎಂದು ತಂಗಿಯತ್ತ ತಿರುಗಿದ. "ಬಾಯ್ಗೂಡ್ತು." ಎತ್ತಿಗೆ ಎಲ್ಲ ಹಲ್ಲೂ ಬಂದಾಗ ಸಂತೆಯಲ್ಲಿ ಹೇಳುವ ಮಾತದು. "ಹದಿನೆಂಟಾಯ್ತು ಅಂತ್ಲೇ ಲೆಕ್ಕ. ಇಸ್ಕೂಲ್ಗೆ ಸೇರ್ಸುವಾಗ ನಿನ್ ಗಂಡ ಕಮ್ಮಿ ಬರ್ಸಿರ್ಬೇಕು. ಗುಂಡ್ಲುಪೇಟೆ ನಿಂಗಯ್ಯನ್ಗೆ ಮಾತು ಕೊಟ್ಬುಟ್ಟಿವ್ನಿ. ಸೋಮಾರ ಮಗನ್ನ ಕರ್ಕೊಂಡು ಹೆಣ್ ನೋಡಕ್ ಬತ್ತರ."

ಚೈತ್ರ ಮುಖ ಕಿತ್ತುಕೊಂಡಳು. "ನಂಗಿನ್ನೂ ಹದ್ನೇಳು ಮಾವ! ಪಿಯುಸಿ ಎಕ್ಸಾಮ್ ಅದ. ನಗರದ ಹಲ್ಲಿನ ಡಾಕ್ಟ್ರಮ್ಮ ಅಂದ್ರು, ಈ ಹಲ್ಲು ಕೆಲವ್ರಿಗೆ ಹದ್ನೇಳ್ಕೇ ಬತ್ತದಂತ, ಕೆಲವ್ರಿಗೆ ಇಪ್ಪತ್ತೈದಾದ್ರೂ ಬರದಿಲ್ವಂತ. ನಾನೇನು ನಿನ್ ಸಂತೆ ಕಡಸಾ?"

"ನೋಡ್ದಾ, ನಾಲ್ಗೆನೂ ಬೆಳ್ದದ," ಎಂದು ಅವನು ನಕ್ಕ.

ಸೋಮಮ್ಮ ಬದನಗುಪ್ಪೆಯ ಕಾರ್ಖಾನೆಗೆ ಹೊರಡಲೆಂದು ಊಟದ ಡಬ್ಬಿ ಮುಚ್ಚುತ್ತಿದ್ದಳು. ಗಂಡ ಸತ್ತ ಮೇಲೆ ಮನೆಯ ಮಾತೆಲ್ಲ ಅಣ್ಣನದೇ. ಅವನೆದುರು ಅವಳು ದನಿ ಎತ್ತಿದ್ದೇ ಇಲ್ಲ. ಮುಚ್ಚಳ ಅವಳ ಕೈಯಲ್ಲೇ ಉಳಿಯಿತು.

"ಅಣ್ಣ, ನನ್ ಮದ್ವೆ ಮಾಡ್ದೋನು ನೀನೇ ಅಲ್ವಾ?"

"ಮತ್ಯಾರು? ಚಪ್ರ ಹಾಕ್ಸ್ದೋನೂ ನಾನೇ."

"ನಂಗೀ ಹಲ್ಲು ಬಂದಿದ್ದು ಇವ್ಳು ಅಂಬೆಗಾಲಿಕ್ಕುವಾಗ. ಕೆನ್ನೆ ಊದ್ಕೊಂಡು, ಕೂಸ ತೊಡೆ ಮೇಲೆ ಆಕ್ಕೊಂಡು ಅಳ್ತಾ ಕೂತಿದ್ದೆ. ನೀನೇ ಲವಂಗ ತಂದ್ಕೊಟ್ಟೆ." ಅವಳ ದನಿ ಏರಿತು. "ನಿನ್ ಲೆಕ್ಕದಲ್ಲಿ ಆವಾಗ ನಂಗೆ ಹದಿನೆಂಟು. ಅಂಗಾರೆ ಚಪ್ರದಡೀಲಿ ಕೂರ್ಸ್ದಾಗ ಎಷ್ಟು? ಹೇಳು. ಆವತ್ತು ಯಾಕ ನನ್ ಬಾಯಿ ತಗ್ಸಿ ನೋಡ್ನಿಲ್ಲ?"

"ಅದು... ಆ ಕಾಲ ಬ್ಯಾರೆ ಕಣವ್ವ."

"ಹಲ್ಲು ಅದೇ ಅಲ್ವಾ?"

ದೊಡ್ಡಬೀರಯ್ಯ ಚೈತ್ರಳನ್ನು ನೋಡಿದ, ತಂಗಿಯನ್ನು ನೋಡಿದ. "ಈಗ ನಿಂಗಯ್ಯನ್ಗೆ ಏನ್ ತೋರ್ಸ್ಲಿ ನಾನು?"

"ಎತ್ತು ತೋರ್ಸೋಗು. ನಿಂಗೆ ಗೊತ್ತಿರೋದು ಅದೇ."

ರಸ್ತೆಯಲ್ಲಿ ಕಾರ್ಖಾನೆಯ ವ್ಯಾನು ಹಾರ್ನ್ ಮಾಡಿತು. ಸೋಮಮ್ಮ ಹೋಗಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ, ಬೆರಳಲ್ಲೇ ಕದಡಿ, ಲೋಟವನ್ನು ಮಗಳ ಕೈಗಿಟ್ಟಳು.

"ಮುಕ್ಕಳ್ಸು. ಆಮೇಲೆ ಕಾಲೇಜ್ಗೆ ಓಗು, ಬಸ್ ಬತ್ತದ."

ಚೈತ್ರ ಮುಕ್ಕಳಿಸಿ ಅಂಗಳದ ಅಂಚಿಗೆ ಉಗಿದಳು. ನೀರಿನಲ್ಲಿ ಸಣ್ಣಗೆ ರಕ್ತದ ಎಳೆ. ಆಚೆ ಬದಿಗೆ ಚಪ್ಪಲಿ ಮೆಟ್ಟಿ ನಿಂತಿದ್ದ ದೊಡ್ಡಬೀರಯ್ಯ ಹೆಗಲ ಟವಲಿಗೆ ಹೆಬ್ಬೆರಳು ಒರೆಸಿಕೊಂಡ. ಒಣಗಿದ ಮೇಲೂ ಒರೆಸುತ್ತಲೇ ಇದ್ದ.