ಮುಗೀಲಾರದ ತಾಲೀಮು

ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತಾರ. ನಾ ಹೇಳಾಕಿನ. ಭರಮಪ್ಪ. ಅಂವ ಕುಡದು ಬಂದು ಬಾಗಲಾ ಬಡದ ದಿನದಾಗ ಓಣಿ ತುಂಬ ಕೇಳೂಹಂಗ ಆ ಹೆಸರು ಹಿಡದ ಬೈದೇನಿ, ಇನ್ನ ಈಗ ನಾಚಿಕಿ ಎಲ್ಲಿಂದ ತರ್ಲಿ? ನನ್ನ ಹೆಸರು ಉಡಚವ್ವ. ರಟ್ಟೀಹಳ್ಳಿಯಿಂದ ಹಿರೇಕೆರೂರ ಕಡೆ ಬರೂ ದಾರ್ಯಾಗ ನಮ್ಮೂರು. ಬಾಯಿ ಭಾಳ ಅಂತ ಊರಾಗ ನನ್ನ ಆಡಿಕೋತಾರ. ಆಡಿಕೊಳ್ಳಲಿ, ಬಾಯಿ ಇರದಿದ್ರ ಆ ಮನ್ಯಾಗ ನಾ ಬದಕತಿದ್ದಿಲ್ಲ.

ಏಕೀಕರಣ ಆಗಿ ಎರಡ್ಮೂರು ವರ್ಷ ಆಗಿತ್ತು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು, ದಾರೂಬಂದಿ ಮಾತ್ರ ಹಂಗ ಇತ್ತು. ಬಂದಿ ಇದ್ದದ್ದು ಪೇಟ್ಯಾಗ. ನಮ್ಮ ಹಳ್ಳದ ದಂಡಿ ಜಾಲಿಕಂಟ್ಯಾಗ ಕಳ್ಳಬಟ್ಟಿ ಹೊಗಿ ದಿನಾ ಏಳತಿತ್ತು, ಹೊಗಿ ಎದ್ದಲ್ಲಿ ನಮ್ಮನಿಯಾಂವ ಇರತಿದ್ದ. ಮೊದಲ ಸಂತಿ ದಿನಾ ಅಷ್ಟ ಕುಡೀತಿದ್ದ. ಆಮ್ಯಾಲ ದಿನಾ ಸಂಜಿಗೆ. ಆಮ್ಯಾಲ ಮುಂಜಾನೆ ಮಕಾ ತೊಳಕೊಳ್ಳೂಕಿಂತ ಮೊದಲ. ಕೈ ನಡಗಿ ಕೂರಗಿಗೆ ಕಾಳು ಬಿಡಾಕ ಬರವಲ್ದಾತು. ಕಣ್ಣಾಗ ಅರಿಷಿಣ ತುಂಬಿತು. ಗಾಡಿ ಕಟ್ಟಿಸಿಕೊಂಡು ಸವಣೂರಿನ ಹಕೀಮರ ಹತ್ರ ಒಯ್ದೆ. ಹಕೀಮರು ಹೊಟ್ಟಿ ಒತ್ತಿ ನೋಡಿ, ಅಂವನ್ನ ಹೊರಗ ಕಳಿಸಿ, ನನ್ನ ಕುಂದ್ರಿಸಿ ಹೇಳಿದ್ರು: ಈಗ ಬಿಟ್ರ ಉಳೀತಾನ, ಬಿಡಲಿಲ್ಲಂದ್ರ ಮುಂದಿನ ಸುಗ್ಗಿ ನೋಡೂದಿಲ್ಲ. ತಿರಿಗಿ ಬರೂವಾಗ ಅಂವ ಗಾಡ್ಯಾಗ ಗೊರಕಿ ಹೊಡದ, ನಾ ದಾರಿ ತುಂಬ ಅತ್ತೆ. ಎಷ್ಟ ಬೈದ್ರೂ ನನಗ ಅಂವ ಬೇಕಾಗಿದ್ದ.

ಆಣಿ ಹಾಕಿಸಿದೆ, ಹರಕಿ ಹೊತ್ತೆ, ಕ್ವಾಣ್ಯಾಗ ದಬ್ಬಿ ಚಿಲಕಾ ಹಾಕಿದೆ. ಆಣಿ ಮುರದ. ಚಿಲಕಾನೂ ಮುರದ.

ಅದ ವರ್ಷ ನಮ್ಮೂರ ಹಿರ್ಯಾರು ದೊಡ್ಡಾಟ ಆಡಸಬೇಕು ಅಂತ ಮಾಡಿದ್ರು. ಕಲಸಾಕ ರಟ್ಟೀಹಳ್ಳಿಯಿಂದ ಜಮಾಲಸಾಬ ಮಾಸ್ತರ್ರು ಬಂದ್ರು. ಬಿಳಿ ಗಡ್ಡದ ಮನಷ್ಯಾ, ಪುರಾಣೆಲ್ಲಾ ಬಾಯಿಪಾಠ. ರಾಜ ಸಿಕ್ಕ, ಮಂತ್ರಿ ಸಿಕ್ಕ, ರಾಣಿ ಪಾರ್ಟಿಗೆ ನಮ್ಮ ಮಗ್ಗಲ ಮನಿ ಉಳಿವೆಪ್ಪ ಸಿಕ್ಕ. ರಕ್ಕಸ ಮಾತ್ರ ಸಿಗಲಿಲ್ಲ. ರಕ್ಕಸನ ಪಾರ್ಟಿಗೆ ಧನಿ ಬೇಕಲ್ಲ? ನಮ್ಮನಿಯಾಂವ ಎತ್ತಿಗೆ ಹೋ ಅಂದ್ರ ಮಗ್ಗಲ ಊರಿನ ಎತ್ತು ನಿಂದ್ರತಿದ್ದುವು. ಊರ ಹಿರ್ಯಾ ಗುದ್ಲೆಪ್ಪಜ್ಜ ಅವನ ಹೆಸರು ತಗದಾನ ಅಂತ ಗೊತ್ತಾಗಿದ್ದ ತಡ, ನಾ ಸೆರಗು ಸಿಗಿಸಿಕೊಂಡು ಗುಡಿ ಕಟ್ಟಿಗೆ ಜಗಳಕ್ಕ ಹ್ವಾದೆ.

ಯಾಕಂದ್ರ ನಮ್ಮೂರ ಆಟಕ್ಕ ಒಂದು ನೇಮ ಐತಿ. ಬ್ಯಾರೆ ಊರಾಗ ಆಟದ ಮುಂದ ಗೆಜ್ಜಿ ಪೂಜಿ ಮಾಡ್ತಾರ, ನಮ್ಮೂರಾಗ ತಾಲೀಮು ಶುರು ಆಗೂ ದಿನಾನ ಮಾಡ್ತಾರ. ದ್ಯಾಮವ್ವನ ಮುಂದ ಪೂಜಿ ಆಗಿ ಕಾಲಿಗೆ ಗೆಜ್ಜಿ ಕಟ್ಟಿದ್ರು ಅಂದ್ರ, ಆಟ ಮುಗದು ಮಂಗಳಾರತಿ ಆಗೂತನಕ ಬಿಚ್ಚಾಂಗಿಲ್ಲ. ದಾರು ಇಲ್ಲ, ಖಂಡ ಇಲ್ಲ, ಹೆಂಡ್ತಿ ಮಗ್ಗಲಾಗ ಮಲಗೂದಿಲ್ಲ, ಎಲ್ಲಾರೂ ಗುಡಿ ಕಟ್ಟಿ ಮ್ಯಾಲ ಸಾಲಾಗಿ ಮಲಗಬೇಕು. ಒಬ್ಬ ತಪ್ಪಿದ್ರ ಎಲ್ಲಾರ ಗೆಜ್ಜೀನೂ ಇಳಿಸಬೇಕು, ಊರಿಗೆ ಆ ವರ್ಷ ಆಟ ಇಲ್ಲ. ಇಂಥಾದ್ರಾಗ ಒಬ್ಬ ಕುಡುಕನ ಕಾಲಿಗೆ ಗೆಜ್ಜಿ ಕಟ್ಟಿ ಊರ ಮಾನಾ ಹರಾಜಿಗೆ ಇಡ್ತೀರೇನು ಅಂತ ಕೇಳಿದೆ. ಬೈಸಿಕೊಳ್ಳೂದು ಯಾರು ಆಮ್ಯಾಲ? ನಾನ.

ಜಮಾಲಸಾಬರು ನನ್ನ ಬಾಯಿ ದಣಿಯೂತನಕ ಗೆಜ್ಜಿ ಪೋಣಿಸಿಕೋತ ಕುಂತಿದ್ರು. ಆಮ್ಯಾಲ ಅಂದ್ರು:

"ಯವ್ವಾ, ಒಬ್ಬಾಂವನ ಕೈಲೆ ಬಿಡಾಕ ಆಗವಲ್ದು, ನೀ ನೋಡೀದಿ. ಇಷ್ಟು ಮಂದಿ ಕೈಲೆ ಆಕ್ಕೈತೇನು ನೋಡೂಣು."

ನಾ ಸಿಗಿಸಿದ ಸೆರಗು ಬಿಚ್ಚಿ, ಜಗಳಾ ಅಲ್ಲೇ ಬಿಟ್ಟು ಮನಿಗೆ ಬಂದೆ. ಅಂಥಾದ್ದು ಭಾಳ ಸಲ ಆಗೂದಿಲ್ಲ.

ರಕ್ಕಸನ ಪಾರ್ಟು ಅಂದಕೂಡ್ಲೆ ನಮ್ಮನಿಯಾಂವ ಎದಿ ಉಬ್ಬಿಸಿ ಹೂಂ ಅಂದ. ಗೆಜ್ಜಿ ಕಟ್ಟಿದ್ರು. ಎರಡನೇ ದಿನಕ್ಕ ಉಬ್ಬಿದ ಎದಿ ಇಳೀತು. ಮೈಯೆಲ್ಲಾ ಬೆವರು, ನಡುಕ, ಬರೀ ಗ್ವಾಡಿ ಮ್ಯಾಲ ಇರಬಿ ಸಾಲು ಹೊಂಟಾವು ಅಂತ ಕೈಲೆ ಒರಸಾಂವ. ಗಾಬ್ರಿಯಾಗಿ ಸವಣೂರಿನ ಹಕೀಮರನ್ನ ಕರಸಿದ್ರು, ಅವರು ಮದ್ದು ಕೊಟ್ಟು ಅಲ್ಲೇ ಎರಡು ದಿನಾ ಉಳಕೊಂಡ್ರು. ಉಳಿವೆಪ್ಪ ಅಂವನ ತಲಿ ತೊಡಿ ಮ್ಯಾಲ ಇಟಕೊಂಡು ಕುಂತಿದ್ದ. ರಾಜ ಕಾಲು ಹಿಡದಿದ್ದ, ಮಂತ್ರಿ ಬೀಸಣಿಕಿ ಬೀಸತಿದ್ದ. ಮನಿಗೊಂದು ಪಾಳಿ ಹಚ್ಚಿ ಹೆಣ್ಣಮಕ್ಕಳು ಅಂಬಲಿ, ಮಜ್ಜಗಿ, ಬೆಲ್ಲದ ನೀರು ಕಳಸಿದ್ರು. ಒಂದ ರಾತ್ರಿ ನಮ್ಮನಿಯಾಂವ ಎದ್ದು ಹಳ್ಳದ ಕಡೆ ಓಡಿದ. ಗೆಜ್ಜಿ ಸಪ್ಪಳಕ್ಕ ಓಣಿ ಮಂದೆಲ್ಲಾ ಎಚ್ಚರಾಗಿ, ಗಂಡಸರು ಹೆಂಗಸರು ಕೂಡಿ ಬೆನ್ನ ಹತ್ತಿ ಹಿಡಕೊಂಡು ಬಂದ್ರು. ಯಾರೂ ಒಂದು ಬಿರುಸು ಮಾತಾಡಲಿಲ್ಲ. ಗುದ್ಲೆಪ್ಪಜ್ಜನ ಸೊಸಿ ಬಿಸಿ ನೀರಾಗ ಅಂವನ ಕಾಲಿನ ಮುಳ್ಳು ತಗದ್ಲು. ಅದನ್ನ ನೋಡಿ ನಾ ಗುಡಿ ಹಿಂದ ಹೋಗಿ ಮನಸ್ಸು ತುಂಬ ಅತ್ತೆ.

ಆಮ್ಯಾಲ ನಡುಕ ನಿಂತು ಹಸಿವಿ ಹೊಕ್ಕಿತು ನೋಡ್ರಿ. ಅಬಬಬ, ಏನ್ ಹಸಿವಿ ಅದು! ರೊಟ್ಟಿ ಬಡಿಯೂದ್ರಾಗ ನನ್ನ ಕೈ ಸೋತ್ವು. ಕಣ್ಣಿನ ಅರಿಷಿಣ ತಿಳಿ ಆತು, ಗಲ್ಲ ತುಂಬಿದ್ವು. ಆಟದವರೆಲ್ಲಾ ಮುಯ್ಯಿ ಹಚ್ಚಿ ಒಬ್ಬರ ಹೊಲದಾಗ ಒಬ್ಬರು ದುಡಿಯಾಕ ಹತ್ತಿದ್ರು. ಕಳೆ ತಗಿಯೂವಾಗನ ತಾಲೀಮು ನಡೀತಿತ್ತು. ಇತ್ತ ಸಾಲಿನ್ಯಾಗ ರಕ್ಕಸ ಗುಡುಗಿದ್ರ ಅತ್ತ ಸಾಲಿನ್ಯಾಗ ರಾಣಿ ಕುರಪಿ ಹಿಡದ ಅಳತಿದ್ದಳು. ನನ್ನ ಗಂಡ ಉಣ್ಣಾಕ ಮನಿಗೆ ಬಂದ್ರ ಒಲಿ ಮುಂದ ಕುಂತು ನನಗ ಮಾತು ಹೇಳಿಕೊಡತಿದ್ದ, ನಾ ರಾಣಿ ಆಗಿ ಎದುರುತ್ತರ ಕೊಡಬೇಕು. ಆಟದಾಗ ಇಲ್ಲದ ಬೈಗಳಾನೂ ನಾಕು ಸೇರಿಸಿ ಕೊಡತಿದ್ದೆ. ಅಂವ ಹೊಟ್ಟಿ ಹಿಡಕೊಂಡು ನಗತಿದ್ದ. ಆ ನಗಿ ನಾ ಮದಿವ್ಯಾದ ಹೊಸತಾಗಿ ಕೇಳಿದ್ದೆ, ಮರತ ಬಿಟ್ಟಿದ್ದೆ.

ಆಟ ಕಲತದ್ದಾತು. ಇನ್ನ ಆಡೂ ದಿನಾ ಗೊತ್ತು ಮಾಡಬೇಕು. ಮಂಗಳಾರತಿ ಆತು ಅಂದ್ರ ಗೆಜ್ಜಿ ಬಿಚ್ಚತಾರ. ಬಿಚ್ಚಿದ ಮ್ಯಾಲ? ಹಳ್ಳ ಎಲ್ಲೂ ಹೋಗಿಲ್ಲ, ಹೊಗಿ ಆರಿಲ್ಲ. ನಾ ಜಮಾಲಸಾಬರ ಹತ್ರ ಹೋಗಿ ಇದ್ದದ್ದ ಹೇಳಿದೆ. ಅವರು ಗಡ್ಡಾ ನೀವಿಕೊಂಡು, ಮಗ್ಗಲಾಗ ಕುಂತ ಗುದ್ಲೆಪ್ಪಜ್ಜನ ಮಕಾ ನೋಡಿದ್ರು.

ಮಾರನೇ ದಿನ, ಕಿರೀಟಕ್ಕ ಕನ್ನಡಿ ಹರಳು ಸವಣೂರಿಂದ ಬಂದಿಲ್ಲ, ಆಟ ಮುಂದಕ್ಕ ಹೋತು ಅಂತ ಡಂಗುರಾ ಸಾರಿದ್ರು. ಹರಳು ಬಂದ್ವು. ಮದ್ದಳಿ ಚರ್ಮಾ ಸಡಲೈತಿ ಅಂದ್ರು. ಚರ್ಮಾ ಬಿಗದ್ರು. ಮಂತ್ರಿ ಹೆಜ್ಜಿ ಸರಿ ಬೀಳವಲ್ದು ಅಂದ್ರು. ಪಾಪ, ಆ ಮಂತ್ರಿ ಹೆಜ್ಜಿ ಊರಾಗೆಲ್ಲಾ ಚೊಲೊ ಹೆಜ್ಜಿ. ಹಿಂಗ ಸುಗ್ಗಿ ಹೋತು, ಬ್ಯಾಸಗಿ ಬಂತು. ಹಕೀಮರು ನೋಡೂದಿಲ್ಲ ಅಂದಿದ್ದ ಸುಗ್ಗೀನ ನಮ್ಮನಿಯಾಂವ ಜ್ವಾಳದ ರಾಶಿ ಮಾಡಿ ದಾಟಿದ್ದ. ಆದರ ಊರಾಗ ಗಂಡಸರ ಮಕಾ ಸೊಟ್ಟಾಗಿದ್ವು. ಉಳಿವೆಪ್ಪ ರಾಣಿ ಪಾರ್ಟಿಗೆ ಮೀಸಿ ತಗದಾಂವ, ಬೆಳಸೂಹಂಗಿಲ್ಲ. ಹಿರೇಕೆರೂರ ಸಂತ್ಯಾಗ ಬಳೆಗಾರ ಅಂವನ್ನ ಅಕ್ಕಾರ ಬರ್ರಿ ಅಂತ ಕರದನಂತ. ಮಗ್ಗಲ ಊರವರು ನಿಮ್ಮ ಆಟಾ ನಮ್ಮ ಮೊಮ್ಮಕ್ಕಳು ನೋಡ್ತಾರೇನು ಅಂತ ಕೇಳತಿದ್ರು.

ಗಂಡಸರಕ್ಕಿಂತ ಅವರ ಹೆಂಡಂದಿರು ಬ್ಯಾಸತ್ತಿದ್ರು. ಒಂದು ದಿನಾ ಇಳಿಹೊತ್ತಿನ್ಯಾಗ ಎಲ್ಲಾರೂ ಕೂಡಿ ನಮ್ಮ ಬಾಗಲಿಗೆ ಬಂದ್ರು. ಮುಂದ ಯಾರು? ಉಳಿವೆಪ್ಪನ ಹೆಂಡ್ತಿ ಹುಚ್ಚವ್ವ. ಬಾಯಾಗ ನನಗೂ ಒಂದು ಕೈ ಹೆಚ್ಚು. ಕಿರೀಟ ಮದ್ದಳಿ ಎಲ್ಲಾ ನೆವ, ನಿನ್ನ ಗಂಡ ಕುಡದಾನು ಅಂತ ಅಂಜಿ ಆಟಾ ಮುಂದಕ್ಕ ಹಾಕಾಕತ್ತೀರಿ, ಅದೇನ್ ನಮಗ ಗೊತ್ತಿಲ್ಲಂತ ತಿಳದೀಯೇನು ಅಂದ್ಲು. ನಿನ್ನ ಗಂಡ ಒಬ್ಬ ಉಳೀಲಿ ಅಂತ ನಮ್ಮ ಗಂಡಂದಿರೆಲ್ಲಾ ಸನ್ಯಾಸಿ ಆಗ್ಯಾರ, ನಾವೇನು ಮಠಾ ಕಟಗೊಂಡು ಕುಂದ್ರೂಣೇನು ಅಂತ ಕೈ ತಿರುವಿ ಕೇಳಿದ್ಲು. ಅಕಿ ಹೇಳಿದ್ದು ಖರೇನ ಇತ್ತು.

ನಮ್ಮನಿಯಾಂವ ಹಿತ್ತಲದಾಗ ಎಮ್ಮಿ ಕಟ್ಟಾಕತ್ತಿದ್ದ, ನಾ ಅದನ್ನ ಮರತಿದ್ದೆ. ಗೆಜ್ಜಿ ಸಪ್ಪಳಾ ಮಾಡಿಕೋತ ಬಂದು ನಡಕ ನಿಂತ. ಹೆಣ್ಣಮಕ್ಕಳೆಲ್ಲಾ ಸೆರಗು ಎಳಕೊಂಡು ಹಿಂದ ಸರದ್ರು. ಅಂವ ಯಾರ ಮಕಾನೂ ನೋಡಲಿಲ್ಲ. ಈ ಹುಣ್ಣಿವಿಗೆ ಆಟಾ ಆಡೂಣು ಅಂತ ಮಾಸ್ತರಿಗೆ ಹೇಳ್ತೇನಿ ಅಂದು ಗುಡಿ ಕಡೆ ಹೋದ.

ಸಂಜಿಗೆ ಉಣ್ಣಾಕ ಬಂದಾಗ ನಾ ಕೇಳಲಾರದ ಕೇಳಿದೆ, ಬಿಚ್ಚಿದ ಮ್ಯಾಲ ಹೆಂಗ ಅಂತ. ಮೊದಲಾಗಿದ್ರ ತಲಿ ಮುಟ್ಟಿ ಆಣಿ ಹಾಕತಿದ್ದ. ಅವತ್ತು ಹಾಕಲಿಲ್ಲ.

"ಗೊತ್ತಿಲ್ಲ, ಉಡಚಿ," ಅಂದ. "ಆದರ ನನ್ನ ಸಲುವಾಗಿ ಊರು ಕಾಲು ಕಟಗೊಂಡು ಕುಂದ್ರೂದು ಬ್ಯಾಡ."

ಹುಣ್ಣಿವಿಗೆ ಆಟಾ ಆತು. ಹೆಂಗಾತು ಅಂತ ಕೇಳಬ್ಯಾಡ್ರಿ. ಬಂಕಾಪುರ, ಹಾನಗಲ್ಲ ಕಡೆಯಿಂದ ಗಾಡಿ ಕಟಗೊಂಡು ಮಂದಿ ಬಂದಿತ್ತು. ರಕ್ಕಸ ರಂಗಕ್ಕ ಬಂದಾಗ ಮುಂದ ಕುಂತ ಹುಡುಗುರು ಚೀರಿ ಅವ್ವಂದಿರ ಸೆರಗಿನ್ಯಾಗ ಹೊಕ್ಕುವು. ರಕ್ಕಸ ಸಾಯೂವಾಗ ನಾ ಅತ್ತಬಿಟ್ಟೆ, ಮಗ್ಗಲದಾಕಿ ಏ ಅದು ಆಟ ಅಂತ ನನ್ನ ತಿವಿದ್ಲು. ಹೊತ್ತು ಹುಟ್ಟೂಮುಂದ ಮಂಗಳಾರತಿ ಆತು. ಜಮಾಲಸಾಬರು ಒಬ್ಬೊಬ್ಬರ ಕಾಲಿನ ಗೆಜ್ಜಿ ಬಿಚ್ಚಿ ದ್ಯಾಮವ್ವನ ಮುಂದ ಇಟ್ರು.

ಹೆಂಡಂದಿರೆಲ್ಲಾ ತಲಿ ತುಂಬ ಹೂ ಮುಡಕೊಂಡು ತಯಾರಾಗಿ ನಿಂತಿದ್ರು. ಗಂಡಂದಿರಿಗೆ ಮಕದ ಬಣ್ಣಾ ತೊಳಕೊಳ್ಳಾಕೂ ಬಿಡಲಿಲ್ಲ, ಕೈ ಹಿಡದು ಎಳಕೊಂಡ ಹ್ವಾದ್ರು. ಹಾಡಹಗಲ ಓಣಿ ತುಂಬ ಟಪಟಪ ಬಾಗಲಾ ಮುಚ್ಚಿದ್ವು. ಕಟ್ಟಿ ಮ್ಯಾಲ ಕುಂತ ಮುದಿಕ್ಯಾರು ಬಾಯಿ ಮುಚಗೊಂಡು ನಕ್ಕಿದ್ದ ನಕ್ಕಿದ್ದು.

ನಮ್ಮನಿಯಾಂವ ಮನಿಗೆ ಬಂದು ಕಟ್ಟಿ ಮ್ಯಾಲ ಕುಂತ. ಬಿಸಿ ರೊಟ್ಟಿ, ಝುಣಕಾ ಇಟ್ಟೆ. ಮುಟ್ಟಲಿಲ್ಲ. ಎರಡೂ ಕೈ ಮೊಣಕಾಲಿನ ನಡಕ ಒತ್ತಿ ಹಿಡಕೊಂಡಿದ್ದ, ಬೆವರು ಇಳೀತಿತ್ತು. ಕಣ್ಣು ಹಳ್ಳದ ದಾರಿ ಮ್ಯಾಲ ಇತ್ತು. ನಾ ಬಾಗಲದಾಗ ನಿಂತು ಸೆರಗಿನ ತುದಿ ಕಡೀತಿದ್ದೆ. ಇಂವ ಎದ್ದು ಹೊಂಟ್ರ ಇವತ್ತು ನನ್ನ ಕೈಲೆ ತಡಿಯಾಕ ಆಗೂದಿಲ್ಲ ಅಂತ ಗೊತ್ತಿತ್ತು.

ರೊಟ್ಟಿ ಆರಿ ತಣ್ಣಗಾದ ಮ್ಯಾಲ ಅಂವ ನನ್ನ ಕಡೆ ತಿರಗಿದ.

"ಉಡಚಿ, ಕುಡೀಬೇಕು ಅನಸಾಕತ್ತೈತಿ. ಭಾಳ ಅನಸಾಕತ್ತೈತಿ. ಒಬ್ಬಾಂವ ಕುಂತ್ರ ಹೋಗಿಬಿಡ್ತೇನಿ. ಮಂದೀನ ಕರಿ."

ಇಷ್ಟು ವರ್ಷ ಸುಳ್ಳ ಹೇಳಿ ಹೋಗಾಂವ, ಕದ್ದ ಹೋಗಾಂವ, ನನ್ನ ದಬ್ಬಿ ಹೋಗಾಂವ. ಅವತ್ತ ಮೊದಲ ಸಲ ಬಾಯಿಬಿಟ್ಟು ಕೇಳಿದ್ದ. ನಾ ಕಾಲಾಗ ಚಪ್ಪಲೀನೂ ಇಲ್ಲದ ಓಡಿದೆ. ಮೊದಲನೇ ಬಾಗಲಾ ಹುಚ್ಚವ್ವಂದು. ಮುಚ್ಚಿತ್ತು. ಕೈ ಎತ್ತಿದಾಕಿ ಹಂಗ ನಿಂತೆ. ಬಡಿಯೂದು ಹೆಂಗ? ಅಕಿ ಈ ದಿನಕ್ಕ ಎಷ್ಟು ಕಾದಾಳ ಅಂತ ನನಗಷ್ಟ ಅಲ್ಲ, ಊರಿಗೆಲ್ಲಾ ಗೊತ್ತೈತಿ. ಕಣ್ಣ ಮುಚ್ಚಿ ಬಡದೆ.

ಹುಚ್ಚವ್ವ ಬಾಗಲಾ ತಗದ್ಲು. ತಲ್ಯಾಗಿನ ಹೂ ವಾರಿ ಆಗಿ ಒಂದ ಕಡೆ ಜೋತಿತ್ತು. ಸುಟ್ಟ ಬಿಡೂಹಂಗ ನೋಡಿದ್ಲು. ನಾ ಅಂವ ಹೇಳಿದ್ದ ಮಾತನ್ನ ಹಂಗ ಹೇಳಿದೆ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮಿಲ್ಲ. ಅಕಿ ನನ್ನ ಮಕಾ ನೋಡಿದ್ಲು, ಒಳಗ ತಿರಗಿ ನೋಡಿದ್ಲು, ಒಂದು ದೊಡ್ಡ ಉಸರು ಬಿಟ್ಲು. ಆಮ್ಯಾಲ ಒಳಗ ಹೋಗಿ ಉಳಿವೆಪ್ಪನ ರಟ್ಟಿ ಹಿಡದು ಎಳಕೊಂಡು ಬಂದು ಹೊರಗ ದಬ್ಬಿದ್ಲು. ಮೈ ಮ್ಯಾಲ ಅಂಗಿ ಇಲ್ಲ, ಒಂದು ಗಲ್ಲದಾಗ ಇನ್ನೂ ರಾಣಿ ಬಣ್ಣ.

"ಹೋಗು, ಅವನ ಹತ್ರ ಕುಂಡ್ರು," ಅಂದ್ಲು. "ನಾ ಎಲ್ಲೂ ಓಡಿ ಹೋಗಾಂಗಿಲ್ಲ."

ಅಷ್ಟಕ್ಕ ಬಿಡಲಿಲ್ಲ. ತಾನ ಮುಂದಿನ ಬಾಗಲಾ ಬಡದ್ಲು. ನಾ ಈ ಸಾಲು, ಅಕಿ ಆ ಸಾಲು. ಗಂಡಸರು ಧೋತರಾ ಸುತ್ತಿಕೋತ, ಗೊಣಗಿಕೋತ, ನಕ್ಕೋತ ಹೊರಗ ಬಂದ್ರು. ರಾಜ ಬಂದ, ಮಂತ್ರಿ ಬಂದ, ಮದ್ದಳಿಯಾಂವ ಮದ್ದಳಿ ಹೊತಗೊಂಡ ಬಂದ. ಜಮಾಲಸಾಬರು ರಟ್ಟೀಹಳ್ಳಿಗೆ ಹೋಗಾಕ ಗಾಡಿ ಹತ್ತಿ ಕುಂತಿದ್ರು, ಗಂಟು ಇಳಿಸಿಕೊಂಡು ತಿರಿಗಿ ಬಂದ್ರು.

ಯಾರ ಕಾಲಾಗೂ ಗೆಜ್ಜಿ ಇಲ್ಲ. ಯಾರಿಗೂ ನೇಮ ಇಲ್ಲ. ಎಲ್ಲಾರೂ ನಮ್ಮ ಕಟ್ಟಿ ಮ್ಯಾಲ ಒತ್ತೊತ್ತಿ ಕುಂತ್ರು, ಉಳಿವೆಪ್ಪ ಅಂವನ ಹೆಗಲಿಗೆ ಹೆಗಲು ಹಚ್ಚಿ ಕುಂತ. ಕುಡೀಬ್ಯಾಡ ಅಂತ ಒಬ್ಬರೂ ಬುದ್ಧಿ ಹೇಳಲಿಲ್ಲ. ಮಾಸ್ತರ್ರು ತೊಡಿ ಮ್ಯಾಲ ತಾಳಾ ಹಾಕಿ ಹೊಸಾ ಆಟದ ಪದ ಎತ್ತಿದ್ರು. ಉಳಿವೆಪ್ಪ ಒಡದ ಗಂಟಲಿನ್ಯಾಗ ಕೂಡಿದ. ನಮ್ಮನಿಯಾಂವ ತಲಿ ತಗ್ಗಿಸಿ ಕುಂತ, ಕುಂತ. ಪದ ಎರಡು ಸಲ ಸುತ್ತಿ ಬಂತು. ಮೂರನೇ ಸಲಕ್ಕ ತಾನೂ ಬಾಯಿ ತಗದ.

ನಾ ಒಳಗ ಅಷ್ಟು ಮಂದಿಗೆ ರೊಟ್ಟಿ ಬಡಿಯಾಕ ಕುಂತೆ. ಹಿಟ್ಟಿನ ಮ್ಯಾಲ ಕಣ್ಣೀರು ಬೀಳಾಕತ್ತಿತ್ತು, ತಡಕೊಳ್ಳಾಕ ಆಗಲಿಲ್ಲ. ಅಷ್ಟು ಸಂತೋಷ ನನ್ನ ಜನ್ಮದಾಗ ಆಗಿದ್ದಿಲ್ಲ. ಹುಚ್ಚವ್ವ ಒಳಗ ಬಂದು ಹಿಟ್ಟಿನ ಪರಾತ ತನ್ನ ಕಡೆ ಎಳಕೊಂಡು, ಸರಿ ಅತ್ತಾಗ, ಹಿಂಗ ಅತ್ತರ ಹಿಟ್ಟಿಗೆ ಉಪ್ಪು ಹೆಚ್ಚಾಕ್ಕೈತಿ ಅಂತ ಬೈದ್ಲು. ಅಕಿ ಕಣ್ಣಾಗೂ ನೀರಿತ್ತು.

ಅವತ್ತು ಅಂವ ಎಲ್ಲೂ ಹೋಗಲಿಲ್ಲ. ಮಾರನೇ ದಿನಾ ಎದ್ದು ಕುಂತು ಮತ್ತ ಮಂದೀನ ಕರಿ ಅಂದ. ನಾ ಸೆರಗು ಸರಿ ಮಾಡಿಕೊಂಡು ಬಾಗಲಾ ತಗದ್ರ, ಉಳಿವೆಪ್ಪ ಆಗಲೇ ನಮ್ಮ ಕಟ್ಟಿ ಮ್ಯಾಲ ಕುಂತಿದ್ದ, ಚಾ ಆತೇನು ತಂಗೆವ್ವಾ ಅಂತ ಕೇಳಿದ.